ಗಾಡಿಯೊಳಗಿನ ಪರಸಿ ನೆಲ

ನಾನು ಕಪನೂರಿನ ಶೆಡ್ಡಿಗೆ ಹೋಗುವಷ್ಟರಲ್ಲಿ ಕಾಕಾ ಆಗಲೇ ಕೆಲವು ಸಾಲು ಕಲ್ಲು ಹಾಸಿಬಿಟ್ಟಿದ್ದರು. ಕ್ಯಾರವಾನಿನ ಹಿಂದಿನ ಬಾಗಿಲಲ್ಲಿ ಮೊಣಕಾಲೂರಿ ಕುಳಿತು, ಮುಂದಿನ ಸಾಲಿನ ಪರಸಿಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಬೂದು ನೀಲಿ ಬಣ್ಣದ ಶಹಾಬಾದ್ ಕಲ್ಲು. ಒಂದು ಇಂಚು ದಪ್ಪ. ಅಂಚುಗಳನ್ನು ಕೈಯಿಂದಲೇ ಉಜ್ಜಿ ನಯ ಮಾಡಿದ್ದರು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು.

"ನೋಡು ತಮ್ಮಾ, ಹೆಂಗ ಕುಂತಾವ. ಬ್ಯಾಸಗ್ಯಾಗ ಪೇಷಂಟ್ ಬಂದು ಕುಂತ್ರ ಕಾಲು ತಣ್ಣಗಿರ್ತಾವ. ಬರೇ ಪ್ಲೈವುಡ್ ಮ್ಯಾಲ ಯಾರರೆ ಮಂದೀನ ಕುಂಡ್ರಸ್ತಾರೇನು?"

ನಾನು ನಕ್ಕು ಹೆಬ್ಬೆರಳು ಎತ್ತಿ ತೋರಿಸಿದೆ.

ಕಾಕಾ ನನ್ನ ತಂದೆಯ ತಮ್ಮ. ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ, ಕಲ್ಲು ಕೊಯ್ಯುವ ಯಂತ್ರಗಳ ನಡುವೆ ಆಯುಷ್ಯ ಕಳೆದವರು. ಆ ಗರಗಸದ ಸದ್ದು ಅವರ ಎರಡೂ ಕಿವಿಗಳನ್ನು ತಿಂದುಹಾಕಿದೆ. ಎಡಗಿವಿ ಹೋದಂತೆಯೇ ಲೆಕ್ಕ, ಬಲಗಿವಿಯಲ್ಲಿ ಅಷ್ಟಿಷ್ಟು ಉಳಿದಿದೆ. ನಿವೃತ್ತರಾದ ಮೇಲೆ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲೇ ಇದ್ದಾರೆ. ನಾನು ಆಡಿಯಾಲಜಿಸ್ಟ್. ಯಾರಿಗೆ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷಿಸಿ, ಬೇಕಾದವರಿಗೆ ಕಿವಿ ಮಷೀನು ಕೂರಿಸುವುದು ನನ್ನ ಹೊಟ್ಟೆಪಾಡು. ಕಾಕಾನಿಗೆ ಎಷ್ಟು ಸಲ ಹೇಳಿದರೂ "ನನಗ ಕೇಳೋದು ಏನ್ ಉಳದದ ಬಿಡು" ಎಂದು ಕೈ ಆಡಿಸಿಬಿಡುತ್ತಾರೆ. ಊರವರ ಕಿವಿಗೆಲ್ಲ ಮಷೀನು ಕೂರಿಸಿದ ನಾನು ಮನೆಯೊಳಗೆ ಸೋತು ಕುಳಿತವನು.

ಕ್ಯಾರವಾನು ನಮ್ಮ ಶ್ರವಣ ಕೇಂದ್ರದ್ದು. ಕಮಲಾಪುರದ ಕಡೆಯಿಂದ ತಾಯಂದಿರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಬರುತ್ತಿದ್ದರು. ಬಸ್ಸಿನ ಗದ್ದಲ, ಬಿಸಿಲು, ಸರದಿ ಎಲ್ಲ ಮುಗಿಸಿ ನಮ್ಮ ಮುಂದೆ ಕೂರುವಷ್ಟರಲ್ಲಿ ಮಗು ಅಳುತ್ತಿರುತ್ತಿತ್ತು ಇಲ್ಲವೇ ನಿದ್ದೆ ಹೋಗಿರುತ್ತಿತ್ತು. ನಾವೇ ಅಲ್ಲಿಗೆ ಹೋದರಾಯಿತು ಎಂದು ಯೋಚಿಸಿದೆವು. ಆದರೆ ಕಿವಿ ಪರೀಕ್ಷೆಗೆ ನಿಶ್ಶಬ್ದ ಬೇಕು, ಶಾಲೆಯ ಕೋಣೆಯಲ್ಲಿ ಅದು ಸಿಗುವುದಿಲ್ಲ. ಅದಕ್ಕೇ ಪುಣೆಯ ಕಂಪನಿಯೊಂದರಿಂದ ಹಳೆಯ ಪ್ರವಾಸಿ ಕ್ಯಾರವಾನು ತರಿಸಿ, ಅದರೊಳಗೆ ಸದ್ದು ನುಗ್ಗದ ಒಂದು ಕೋಣೆ ಕಟ್ಟಿಸಲು ಕಪನೂರಿನ ವರ್ಕ್‌ಶಾಪಿಗೆ ಕೊಟ್ಟೆವು. ನೆಲದ ಕೆಲಸ ನನಗಿರಲಿ ಎಂದು ಕಾಕಾ ತಾವೇ ಮುಂದೆ ಬಂದಿದ್ದರು. ಸದ್ದು ತಡೆಯುವ ಗೋಡೆ ಭಾರವಾಗಿಯೇ ಇರಬೇಕು. ಹಗುರ ಮಾಡಿದರೆ ಸದ್ದು ಒಳಗೆ ಬರುತ್ತದೆ, ಭಾರ ಮಾಡಿದರೆ ಗಾಡಿ ಎಳೆಯುವವನ ಕಷ್ಟ. ಎಳೆಯುವವನು ನಾನೇ. ಕೇಂದ್ರದಲ್ಲಿ ಇರುವುದು ನಾನು ಮತ್ತು ನಮ್ಮ ಸಹಾಯಕಿ, ಡ್ರೈವರ್ ಎಂಬ ಹುದ್ದೆಯೇ ಇಲ್ಲ.

ಹಾಗಾಗಿ ತೂಕದ ವಿಷಯ ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಕ್ಯಾರವಾನಿನ ಮುಂಭಾಗದಲ್ಲಿ, ಜೀಪಿಗೆ ಸಿಕ್ಕಿಸುವ ಕೊಂಡಿಯ ಬಳಿ, ಒಂದು ಲೋಹದ ಫಲಕ ಬಡಿದಿದ್ದರು. ಒಳಗಿನ ಸಾಮಾನು ಸೇರಿ ಗಾಡಿಯ ಒಟ್ಟು ತೂಕ ಸಾವಿರದ ಐನೂರು ಕಿಲೋ ಮೀರಬಾರದು. ಕೊಂಡಿಯ ಮೇಲೆ ಬೀಳುವ ಭಾರ ನೂರು ಕಿಲೋ ಮೀರಬಾರದು. ಖಾಲಿ ಗಾಡಿಯೇ ಎಂಟುನೂರೈವತ್ತು ತೂಗುತ್ತಿತ್ತು. ಸದ್ದಿಲ್ಲದ ಕೋಣೆ, ಬ್ಯಾಟರಿ, ಇನ್ವರ್ಟರ್, ಎಸಿ, ನೀರಿನ ಟ್ಯಾಂಕು, ಮೇಜು, ಕುರ್ಚಿ, ಯಂತ್ರಗಳು ಎಲ್ಲ ಕೂಡಿಸಿದಾಗ ಉಳಿಯುವುದು ಐವತ್ತು ಕಿಲೋದಷ್ಟು ಮಾತ್ರ. ಒಬ್ಬ ತೆಳ್ಳನೆಯ ಮನುಷ್ಯನ ಭಾರ.

ಪುಣೆಯ ಕಂಪನಿಯ ಇಂಜಿನಿಯರ್ ಒಬ್ಬ ಹೆಣ್ಣುಮಗಳು. ನನ್ನ ಹರಕು ಹಿಂದಿಯನ್ನು ಸಹಿಸಿಕೊಂಡು ಫೋನಿನಲ್ಲೇ ಪಾಠ ಹೇಳಿದವರು. ಭಾರವಾದದ್ದನ್ನು ಚಕ್ರದ ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರ ಇಡಿ. ಹಿಂದೆ ಇಡಲೇಬೇಡಿ. ಹಿಂಭಾಗ ಭಾರವಾದರೆ ಮುಂಭಾಗ ಕೊಂಡಿಯನ್ನು ಮೇಲಕ್ಕೆ ಎತ್ತುತ್ತದೆ, ಆಗ ಗಾಡಿ ಬಾಲ ಆಡಿಸಲು ಶುರು ಮಾಡುತ್ತದೆ. ಆಡಿಸಿದರೆ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ತಿರುಗಿಸಿ ಅದರ ಜೊತೆ ಜಗಳಕ್ಕೆ ಇಳಿಯಬೇಡಿ. ಸ್ಟೇರಿಂಗನ್ನು ನೆಟ್ಟಗೆ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ತಾನೇ ನಿಧಾನವಾಗಲಿ. ಇಷ್ಟನ್ನೂ ಅವರು ನನ್ನಿಂದ ಬಾಯಿಪಾಠ ಹೇಳಿಸಿದ್ದರು.

ಭಾನುವಾರಗಳಲ್ಲಿ ಕಪನೂರಿನ ಕಾರ್ಖಾನೆಗಳು ಮುಚ್ಚಿರುವಾಗ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿದೆ. ಮುಂದೆ ಹೋಗುವುದು ಸುಲಭ. ತಿರುವಿನಲ್ಲಿ ಸ್ವಲ್ಪ ಅಗಲವಾಗಿ ಹೊರಳಿದರೆ ಸಾಕು, ಇಲ್ಲವಾದರೆ ಕ್ಯಾರವಾನಿನ ಚಕ್ರ ಫುಟ್‌ಪಾತ್ ಹತ್ತುತ್ತದೆ. ಹಿಂದಕ್ಕೆ ಬಿಡುವುದೇ ಮಾನ ಕಳೆಯುವ ಕೆಲಸ. ಸಹಾಯಕಿ ಹಿಂದೆ ನಿಂತು ಕೈ ತೋರಿಸುತ್ತಿದ್ದಳು.

"ಸರ್, ನೀವು ಬಲಕ್ಕ ಹೊಳ್ಳಸಾಕತ್ತೀರಿ, ಅದು ಎಡಕ್ಕ ಹೊಂಟದ. ಉಲ್ಟಾ ಮಾಡ್ರಿ."

"ಉಲ್ಟಾನೇ ಮಾಡಾಕತ್ತೀನವ್ವಾ."

"ಹಂಗಾದ್ರ ಸೀದಾ ಮಾಡ್ರಿ."

ಆ ಕೆಲಸದಲ್ಲಿ ಇಷ್ಟೆಲ್ಲ ಕಲಿತವನು ಕಾಕಾನ ಪರಸಿಗಳ ಮುಂದೆ ನಿಂತು ಹೆಬ್ಬೆರಳು ತೋರಿಸಿ ಬಂದೆ. ಒಂದು ಚದರ ಮೀಟರ್ ಪರಸಿ ಅರವತ್ತು ಕಿಲೋಗೆ ಕಡಿಮೆ ಇರುವುದಿಲ್ಲ ಎಂಬುದು ನಮ್ಮ ಕಡೆ ಮನೆ ಕಟ್ಟಿಸಿದ ಯಾರಿಗಾದರೂ ಗೊತ್ತು. ಅದೂ ಕಾಕಾ ಹಾಸುತ್ತಿದ್ದುದು ಗಾಡಿಯ ಹಿಂದಿನ ಅರ್ಧದಲ್ಲಿ, ರೋಗಿಗಳು ಸರದಿಗಾಗಿ ಕೂರುವ ಜಾಗದಲ್ಲಿ. ಕೆಳಗೆ ಸಿಮೆಂಟು ಮರಳಿನ ಹಾಸು ಬೇರೆ. ಶಹಾಬಾದು ಪಕ್ಕದಲ್ಲೇ ಇರುವ ನಮಗೆ ನೆಲವೆಂದರೆ ಪರಸಿ. ಅದು ಅಡುಗೆಮನೆಗೂ ಆಯಿತು, ಅಂಗಳಕ್ಕೂ ಆಯಿತು, ಗುಡಿಗೂ ಆಯಿತು. ಚಕ್ರದ ಮೇಲಿನ ಮನೆಗೆ ಆಗುವುದಿಲ್ಲ ಎಂದು ಕಾಕಾನಿಗೆ ಹೊಳೆಯದೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ಹೇಳಬೇಕಾದವನು ನಾನು. ಆದರೆ ಶೆಡ್ಡಿನಲ್ಲಿ ಗ್ರೈಂಡರು ಒದರುತ್ತಿತ್ತು, ಹೇಳಬೇಕೆಂದರೆ ಕೆಲಸಗಾರರೆಲ್ಲ ತಿರುಗಿ ನೋಡುವಷ್ಟು ಕೂಗಬೇಕಿತ್ತು. ಸಂಜೆ ಮನೆಯಲ್ಲಿ ಹೇಳಿದರಾಯಿತು ಎಂದುಕೊಂಡೆ.

ಸಂಜೆ ಕಾಕಾ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದರು. ಬಹಳ ದಿನಗಳ ಮೇಲೆ ಕೈ ತುಂಬ ಕೆಲಸ ಮಾಡಿದ ತೃಪ್ತಿ ಮುಖದಲ್ಲಿತ್ತು. ಹೆಂಡತಿ ಬಂದು ಕೈಯಿಂದ ಸನ್ನೆ ಮಾಡಿ "ಊಟ" ಎಂದಳು. ಅವರು ಎದ್ದು ಉಂಡರು. ನಾನೂ ಉಂಡೆ. ನಾಳೆ ಹೇಳೋಣ ಎನ್ನಿಸಿತು. ನಾಳೆಯ ಹೊತ್ತಿಗೆ ನೆಲ ಪೂರ್ತಿಯಾಗಿತ್ತು, ಸಂದುಗಳಿಗೆ ಬಿಳಿ ಸಿಮೆಂಟು ತುಂಬಿದ್ದರು. ನಿಜ ಹೇಳಬೇಕೆಂದರೆ ನೆಲ ಬಹಳ ಚೆನ್ನಾಗಿತ್ತು. ನೀರಿನ ಟ್ಯಾಂಕನ್ನು ಅರ್ಧವೇ ತುಂಬಿಸಿದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಮೊದಲ ಶಿಬಿರಕ್ಕೆ ಹೊರಟ ದಿನ ಬೆಳಿಗ್ಗೆ ಎಲ್ಲ ಕ್ರಮದಂತೆಯೇ ನಡೆಯಿತು. ಕೊಂಡಿ ಸಿಕ್ಕಿಸಿ, ಅದು ಕಚ್ಚಿಕೊಂಡಿದೆಯೇ ಎಂದು ಗಾಡಿಯ ಮೂತಿಯನ್ನು ಎತ್ತಿ ನೋಡಿದೆವು. ಸುರಕ್ಷತೆಯ ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಹಾಕಿದೆವು. ಮುಂಗಾಲಿನ ಸಣ್ಣ ಚಕ್ರ ಮೇಲೆತ್ತಿ ಬಿಗಿದೆ. ಹಿಂದಿನ ದೀಪಗಳು ಹತ್ತುತ್ತವೆ ಎಂದು ಸಹಾಯಕಿ ಕೂಗಿ ಹೇಳಿದಳು. ಟೈರಿನ ಗಾಳಿ ನೋಡಿದೆ. ಕೊಂಡಿಯ ಭಾರ ಒಂದನ್ನು ಮಾತ್ರ ನೋಡಲಿಲ್ಲ. ಅದನ್ನು ನೋಡಲು ಹೆಚ್ಚೇನೂ ಬೇಕಿಲ್ಲ, ಆಸ್ಪತ್ರೆಯಲ್ಲಿ ರೋಗಿಗಳು ಹತ್ತಿ ನಿಲ್ಲುವ ತೂಕದ ಯಂತ್ರ ಮತ್ತು ಒಂದು ಗಟ್ಟಿ ಮರದ ತುಂಡು ಸಾಕು. ಯಂತ್ರ ಜೀಪಿನಲ್ಲೇ ಇತ್ತು. ಅದು ಏನು ತೋರಿಸುತ್ತದೆಂದು ನನಗೆ ಮನಸ್ಸಿನಲ್ಲೇ ಗೊತ್ತಿತ್ತು, ಅದಕ್ಕೇ ಹೊರಗೆ ತೆಗೆಯಲಿಲ್ಲ.

ಹುಮನಾಬಾದ್ ರಸ್ತೆ ಹಿಡಿದೆವು. ಊರು ದಾಟುವವರೆಗೆ ಗಾಡಿ ಸುಮ್ಮನೆ ಹಿಂದೆ ಬಂತು. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಜೀಪಿನ ಹಿಂಭಾಗ ಹಗುರಾದಂತೆ, ಯಾರೋ ಹಿಂದಿನಿಂದ ಮೇಲಕ್ಕೆ ಎತ್ತುತ್ತಿರುವಂತೆ ಅನ್ನಿಸತೊಡಗಿತು. ಕಮಲಾಪುರ ಹತ್ತಿರ ಬಂದಂತೆ ರಸ್ತೆ ಏರಿ ಇಳಿಯುತ್ತದೆ. ಒಂದು ಇಳಿಜಾರಿನಲ್ಲಿ ತೊಗರಿ ಚೀಲ ತುಂಬಿದ ಲಾರಿ ನಮ್ಮನ್ನು ದಾಟಿತು. ಅದರ ಗಾಳಿಗೆ ಕ್ಯಾರವಾನಿನ ಬಾಲ ಒಮ್ಮೆ ಎಡಕ್ಕೆ ಹೋಯಿತು. ಆಮೇಲೆ ಬಲಕ್ಕೆ. ಆಮೇಲೆ ಎಡಕ್ಕೆ ಇನ್ನೂ ಜೋರಾಗಿ. ಜೀಪಿನ ಮೂತಿಯೂ ಅದರ ಜೊತೆಗೆ ಹೊರಳತೊಡಗಿತು. ಕನ್ನಡಿಯಲ್ಲಿ ಒಮ್ಮೆ ಗಾಡಿಯ ಎಡಗೋಡೆ ಪೂರ್ತಿ ಕಾಣುತ್ತಿತ್ತು, ಇನ್ನೊಮ್ಮೆ ಬಲಗೋಡೆ. ಎದುರಿನಿಂದ ಒಂದು ಬಸ್ಸು ಬರುತ್ತಿತ್ತು.

ಕಾಲು ಬ್ರೇಕಿನ ಮೇಲೆ ಹೋಗಿಯೇಬಿಟ್ಟಿತ್ತು, ಒತ್ತಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ನೆಟ್ಟಗೆ ಹಿಡಿದು ಎರಡೂ ಕಾಲು ಹಿಂದಕ್ಕೆ ತೆಗೆದೆ. ಸಹಾಯಕಿ ಬಾಗಿಲಿನ ಹಿಡಿ ಹಿಡಿದುಕೊಂಡಳು. ಬಸ್ಸಿನವನು ಪುಣ್ಯಾತ್ಮ, ರಸ್ತೆ ಬಿಟ್ಟು ಮಣ್ಣಿಗೆ ಇಳಿದು ನಿಂತ. ಗಾಡಿ ಇನ್ನೂ ಎರಡು ಸಲ ಹೊಯ್ದಾಡಿ ಸುಮ್ಮನಾಯಿತು. ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಬಸ್ಸಿನ ಕಿಟಕಿಗಳಲ್ಲಿ ಜನ ನಮ್ಮನ್ನೇ ನೋಡುತ್ತಿದ್ದರು, ಒಬ್ಬಳ ತೊಡೆಯ ಮೇಲೆ ಮಗುವಿತ್ತು. ಆ ಮಗುವಿನ ಮುಖ ಈಗಲೂ ನನ್ನನ್ನು ಬಿಟ್ಟಿಲ್ಲ.

ಆಗ ತೂಕದ ಯಂತ್ರ ಹೊರಗೆ ಬಂತು. ಕೊಂಡಿ ಬಿಚ್ಚಿ, ಅದರ ಕೆಳಗೆ ಮರದ ತುಂಡು, ಅದರ ಕೆಳಗೆ ಯಂತ್ರ ಇಟ್ಟು ಮುಂಗಾಲಿನ ಚಕ್ರ ಎತ್ತಿದೆವು. ಎಂಬತ್ತು ತೊಂಬತ್ತು ಕಿಲೋ ತೋರಿಸಬೇಕಾದಲ್ಲಿ ಹತ್ತು ತೋರಿಸಿತು. ಸಹಾಯಕಿ ಅದನ್ನು ನೋಡಿದಳು, ಹಿಂದಿನ ಬಾಗಿಲ ಕಡೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಸರ್, ಇದು ಕಾಕಾ ಅವರ ಕಲ್ಲಿಂದೇ ಅದ ಅಲ್ರಿ?"

"ಹೌದವ್ವಾ."

"ಅವರಿಗೆ ಹೇಳೀರೇನ್ರಿ?"

ನಾನು ಬ್ಯಾಟರಿ ಇಳಿಸಲು ಹೋದೆ.

ಹಿಂದಿನ ಟ್ಯಾಂಕಿನ ನೀರನ್ನೆಲ್ಲ ರಸ್ತೆ ಬದಿಗೆ ಹರಿಯಬಿಟ್ಟೆವು. ಬ್ಯಾಟರಿಗಳನ್ನು ಮುಂದಿನ ಪೆಟ್ಟಿಗೆಗೆ ಸಾಗಿಸಿದೆವು, ಕುರ್ಚಿಗಳನ್ನು ಜೀಪಿಗೆ ತುಂಬಿದೆವು. ಎತ್ತಿನಗಾಡಿಯ ವೇಗದಲ್ಲಿ ಕಮಲಾಪುರ ಮುಟ್ಟಿದೆವು. ಶಾಲೆಯ ಅಂಗಳದಲ್ಲಿ ತಾಯಂದಿರು ಕಾದಿದ್ದರು. ಮುಖ್ಯೋಪಾಧ್ಯಾಯಿನಿ ಕೆಂಪು ಬಾಳೆಹಣ್ಣಿನ ಚಿಪ್ಪು ಕೈಗಿಟ್ಟು ಸ್ವಾಗತಿಸಿದರು. ಒಳಗೆ ಬಂದ ಹೆಂಗಸರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಪರಸಿಯ ಮೇಲೆ ಕಾಲಿಟ್ಟು, ತಂಪಾಗಿದೆ ಎಂದು ಕೆಳಗೇ ಕುಳಿತುಬಿಟ್ಟರು. ಮಕ್ಕಳು ಅಳಲಿಲ್ಲ. ಪರೀಕ್ಷೆಗಳು ಸಲೀಸಾಗಿ ಆದವು. ಕಾಕಾ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ವಾಪಸು ಬಂದ ಮರುದಿನ ನೆಹರು ಗಂಜಿಗೆ ಹೋದೆ. ಅಲ್ಲಿ ಧಾನ್ಯದ ಲಾರಿ ತೂಗುವ ದೊಡ್ಡ ಕಾಂಟಾ ಇದೆ. ಬೇಳೆಯ ಲಾರಿಗಳ ಸಾಲಿನಲ್ಲಿ ಕಿಟಕಿ, ಪರದೆ ಇರುವ ಬಿಳಿ ಗಾಡಿ ನಿಂತದ್ದು ನೋಡಿ ಹಮಾಲರು ಸುತ್ತ ನೆರೆದರು. ಕಾಂಟಾದವರು ಗಂಭೀರವಾಗಿ ಕೇಳಿದರು.

"ಏನ್ ಮಾಲ್ ರೀ ಇದ್ರಾಗ?"

"ಮಾಲ್ ಇಲ್ರಿ. ಕಿವಿ ತಪಾಸಣಾದ ಗಾಡಿ."

"ಖಾಲೀನ ಅದ ಅಂತೀರಿ, ಇಷ್ಟ್ ತೂಗಾಕತ್ತದಲ್ರಿ."

ಜೀಪನ್ನು ಬಿಚ್ಚಿ ಗಾಡಿಯನ್ನಷ್ಟೇ ಕಾಂಟಾ ಮೇಲೆ ನಿಲ್ಲಿಸಿದ್ದೆವು. ಸಾವಿರದ ಎಂಟುನೂರಕ್ಕೂ ಮೇಲೆ ಬಂತು. ಪುಣೆಗೆ ಫೋನು ಮಾಡಿದೆ. ತೂಕ ಕೇಳಿದ ಇಂಜಿನಿಯರ್, ಹಿಂದೆ ಏನು ತುಂಬಿದ್ದೀರಿ ಎಂದರು. ನೆಲ ಎಂದೆ. ಎಂಥ ನೆಲ ಎಂದರು. ಕಲ್ಲಿನ ನೆಲ ಎಂದೆ. ಅವರು ನಗಲಿಲ್ಲ, ಅದೇ ನನಗೆ ಹೆಚ್ಚು ನಾಚಿಕೆ ತಂದಿತು. ಅಚ್ಚು, ಟೈರು, ಬ್ರೇಕು ಎಲ್ಲವೂ ಫಲಕದ ತೂಕಕ್ಕೆ ಮಾಡಿದ್ದು, ಕಲ್ಲು ತೆಗೆಯದೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ ಎಂದಷ್ಟೇ ಹೇಳಿದರು.

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ನಾನು ಕಲ್ಲು ತೆಗೆಯಲಿಲ್ಲ. ಕಲ್ಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದೆ. ಮೊದಲು ಎಸಿ ಕಳಚಿಸಿದೆ. ಕಾಂಟಾಕ್ಕೆ ಒಯ್ದು ತೂಗಿದೆ, ಇಳಿದ ತೂಕ ಸಾಲದು. ನೀರಿನ ಟ್ಯಾಂಕು ತೆಗೆಸಿ ಕ್ಯಾನು ಇಟ್ಟೆ. ಸಾಲದು. ಮರದ ಮೇಜಿನ ಬದಲು ಮಡಚುವ ಅಲ್ಯೂಮಿನಿಯಂ ಮೇಜು ತಂದೆ. ಬಾಲ ಆಡಿಸುವುದಾದರೂ ನಿಲ್ಲಲಿ ಎಂದು ಸದ್ದಿಲ್ಲದ ಕೋಣೆಯನ್ನೇ ಬಿಚ್ಚಿಸಿ ಮುಂದಕ್ಕೆ ಸರಿಸಿದೆ. ಆಗ ಕೊಂಡಿಯ ಮೇಲೆ ಭಾರ ಮಿತಿ ಮೀರಿ, ಜೀಪಿನ ಹಿಂಭಾಗ ಕುಸಿದು, ಹೆಡ್‌ಲೈಟು ಗಿಡದ ತುದಿ ನೋಡತೊಡಗಿತು. ಮತ್ತೆ ಹಿಂದಕ್ಕೆ ಸರಿಸಿದೆ. ಸರಿಸಿ ಕೂಡಿಸಿದ ಕೋಣೆಯ ಸಂದಿನಲ್ಲಿ ಸದ್ದು ನುಗ್ಗತೊಡಗಿತು, ಅದನ್ನು ಮುಚ್ಚಲು ಇನ್ನಷ್ಟು ರಬ್ಬರು, ಇನ್ನಷ್ಟು ತೂಕ. ಗಂಜಿನ ಕಾಂಟಾದವರು ನನ್ನನ್ನು ದೂರದಿಂದಲೇ ಗುರುತು ಹಿಡಿದು ಚಹಾ ತರಿಸುವಷ್ಟು ಪರಿಚಯವಾಯಿತು. ಅತ್ತ ಕಮಲಾಪುರದ ಮುಖ್ಯೋಪಾಧ್ಯಾಯಿನಿ ಫೋನು ಮಾಡುತ್ತಿದ್ದರು, ಮುಂದಿನ ವಾರ ಬರುತ್ತೇವೆ ಎಂದು ನಾನು ಪ್ರತಿ ವಾರವೂ ಹೇಳುತ್ತಿದ್ದೆ. ಆ ತಾಯಂದಿರು ಮತ್ತೆ ಬಸ್ಸು ಹತ್ತತೊಡಗಿದ್ದರು.

ಮನೆಯಲ್ಲಿ ಕಾಕಾ ಕೇಳುತ್ತಿದ್ದರು. "ಗಾಡಿ ಹ್ಯಾಂಗ ಓಡ್ತದ?" ನಾನು ತಲೆಯಾಡಿಸುತ್ತಿದ್ದೆ. "ಕಲ್ಲು ಅಳ್ಳಾಡ್ಯಾವೇನು?" ಇಲ್ಲವೆಂದು ಕೈ ಆಡಿಸುತ್ತಿದ್ದೆ. ಅಷ್ಟಕ್ಕೇ ಅವರು ಹಿಗ್ಗುತ್ತಿದ್ದರು. ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಆ ಹಿಗ್ಗನ್ನು ಒಡೆಯುವ ಧೈರ್ಯ ನನಗಿರಲಿಲ್ಲ ಎಂದು ಆಗ ಅಂದುಕೊಂಡಿದ್ದೆ.

ಕೊನೆಗೆ ಸಹಾಯಕಿಯೇ ಬಾಯಿ ಬಿಟ್ಟಳು.

"ಸರ್, ಕುರ್ಚಿ ತೆಗದ್ರಿ, ಟಾಕಿ ತೆಗದ್ರಿ, ಎಸಿ ತೆಗದ್ರಿ. ಇನ್ನ ಪೇಷಂಟ್‌ನ ಒಬ್ಬರನ ತೆಗೀಬೇಕು ನೋಡ್ರಿ."

ಅವಳ ಮಾತಿಗೆ ನಗಬೇಕೆನ್ನಿಸಿದರೂ ನಗು ಬರಲಿಲ್ಲ. ವರ್ಕ್‌ಶಾಪಿನ ಇಬ್ಬರು ಕೆಲಸಗಾರರಿಗೆ ನೆಲ ಕೀಳಲು ಹೇಳಿದೆ. ಕಾಕಾ ಮಧ್ಯಾಹ್ನ ಉಂಡು ಮಲಗುವ ಹೊತ್ತನ್ನೇ ನೋಡಿ ಹೇಳಿದ್ದೆ. ಆಮೇಲೆ ನಿಧಾನಕ್ಕೆ ಏನಾದರೂ ಕಾರಣ ಹೇಳಿದರಾಯಿತು, ಕಲ್ಲು ತಾನೇ ಸಡಿಲವಾಯಿತು ಎಂದರೂ ನಂಬುತ್ತಾರೆ ಎಂಬ ಲೆಕ್ಕಾಚಾರ. ಕೆಲಸಗಾರ ಬಾಗಿಲ ಬಳಿಯ ಕಲ್ಲಿನ ಸಂದಿಗೆ ಉಳಿ ಇಟ್ಟು ಹೊಡೆದ. ಕಲ್ಲು ಏಳಲಿಲ್ಲ. ಇನ್ನೊಂದು ಏಟು ಹಾಕಿದ. ಪರಸಿ ನಟ್ಟನಡುವೆ ಸೀಳಿತು. ಅಂಚಿನಲ್ಲಿ ಕಾಕಾ ದಿನಗಟ್ಟಲೆ ಉಜ್ಜಿ ಮಾಡಿದ ನಯ ಹಾಗೆಯೇ ಇತ್ತು.

"ನಿಂದರ್ರಿ" ಎಂದೆ. "ನಾ ಬರೋತನ ಮುಟ್ಟಬ್ಯಾಡ್ರಿ."

ಸ್ಕೂಟರಿನಲ್ಲಿ ಖೂಬಾ ಪ್ಲಾಟಿಗೆ ಹೋದೆ. ಕಾಕಾನನ್ನು ಎಬ್ಬಿಸಿ, ಬನ್ನಿ ಎಂದು ಸನ್ನೆ ಮಾಡಿದೆ. ಅವರು ಏಕೆಂದು ಕೇಳಲೂ ಇಲ್ಲ, ಟೊಪ್ಪಿಗೆ ಹಾಕಿಕೊಂಡು ಹಿಂದೆ ಕುಳಿತರು. ದಾರಿಯುದ್ದಕ್ಕೂ ನನ್ನ ಭುಜ ಹಿಡಿದಿದ್ದರು. ಹೇಗೆ ಶುರು ಮಾಡುವುದೆಂದು ನಾನು ಮಾತು ಜೋಡಿಸುತ್ತಲೇ ಇದ್ದೆ, ಕಪನೂರು ಬಂದುಬಿಟ್ಟಿತು.

ಒಡೆದ ಕಲ್ಲನ್ನು ಅವರು ಬಾಗಿ ನೋಡಿದರು. ಗ್ರೈಂಡರು ನಿಲ್ಲಿಸಲು ಹೇಳಿದೆ. ಕಾಕಾನ ಎದುರಿಗೆ, ಬೆಳಕು ನನ್ನ ಮುಖಕ್ಕೆ ಬೀಳುವಂತೆ ನಿಂತೆ. ಬಲಗಿವಿಯ ಕಡೆ ಸ್ವಲ್ಪ ವಾಲಿ, ಕಿರುಚದೆ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಗಾಡಿ ಹೊರುವುದು ಇಷ್ಟು, ಕಲ್ಲಿನ ಭಾರ ಇಷ್ಟು. ಕಲ್ಲು ಹಿಂದಿದೆ. ಓಡುವಾಗ ಗಾಡಿ ನೆಟ್ಟಗೆ ಬರುವುದಿಲ್ಲ, ಬಾಲ ಆಡಿಸುತ್ತದೆ. ತೆಗೆಯಲೇಬೇಕು. ಎರಡೇ ನಿಮಿಷದಲ್ಲಿ ಎಲ್ಲ ಮುಗಿಯಿತು. ಕಾಕಾ ಒಂದು ಮಾತನ್ನೂ ಮರಳಿ ಕೇಳಲಿಲ್ಲ. ಪೂರ್ತಿ ಅರ್ಥವಾಗಿತ್ತು.

"ಮಾಲ್ ಭಾಳ ಹಾಕೀನಿ" ಎಂದರು ಕೊನೆಗೆ. "ಓಡೋ ಗಾಡಿ, ಕಲ್ಲು ಕಿತ್ತು ಬಂದಾವು ಅಂತ ಸಿಮಿಟ್ ಜಾಸ್ತಿ ಕೊಟ್ಟೀನಿ. ಇವರ ಕೈಲಿ ಇಡಿ ಕಲ್ಲು ಬರಂಗಿಲ್ಲ. ಉಳಿ ಇಲ್ಲಿ ಕೊಡು."

ತಾವೇ ಕುಳಿತರು. ಮೊಣಕಾಲಿನ ಕೆಳಗೆ ಗೋಣಿಚೀಲ ಹಾಕಿಕೊಟ್ಟೆ. ಸಂದಿನ ಬಿಳಿ ಸಿಮೆಂಟನ್ನು ಮೊದಲು ಗೆರೆ ಕೊರೆದು ತೆಗೆದರು, ಆಮೇಲೆ ಕಲ್ಲಿನ ಕೆಳಗೆ ಉಳಿಯನ್ನು ಓರೆಯಾಗಿ ತೂರಿಸಿ ಸಣ್ಣ ಸಣ್ಣ ಏಟು. ಅಷ್ಟು ಜೋಪಾನ ಮಾಡಿದರೂ ಹೆಚ್ಚಿನವು ಒಡೆದೇ ಬಂದವು. ಗಟ್ಟಿಯಾಗಿ ಕೂರಿಸಿದ್ದೇ ಅವುಗಳಿಗೆ ಮುಳುವಾಗಿತ್ತು. ಒಂದೊಂದು ಒಡೆದಾಗಲೂ ಅವರು ತುಂಡುಗಳನ್ನು ಜೋಡಿಸಿ ನೋಡಿ, ಪಕ್ಕಕ್ಕಿಡುತ್ತಿದ್ದರು. ನಾನು ಹೊತ್ತು ಹೊರಗೆ ಹಾಕುತ್ತಿದ್ದೆ. ಸಹಾಯಕಿ ಚಹಾ ತಂದಳು, ಅದು ಆರಿಹೋಯಿತು. ಅಷ್ಟು ಹೊತ್ತಿನಲ್ಲಿ ಕಾಕಾ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪ್ಲೈವುಡ್ಡಿನ ಮೇಲೆ ತೆಳುವಾದ ರಬ್ಬರ್ ಹಾಳೆ ಅಂಟಿಸಿದೆವು. ಟ್ಯಾಂಕು, ಎಸಿ, ಮೇಜು ಎಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಿದವು. ಗಂಜಿನ ಕಾಂಟಾದ ಮೇಲೆ ಗಾಡಿ ಫಲಕದ ಮಿತಿಯೊಳಗೆ ಬಂತು. ಆಸ್ಪತ್ರೆಯ ಯಂತ್ರದ ಮೇಲೆ ಕೊಂಡಿ ತೊಂಬತ್ತು ತೋರಿಸಿತು. ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದರೆ ಹಿಂದೆ ಗಾಡಿ ಇದೆಯೆನ್ನುವುದೇ ಮರೆತುಹೋಗುವಷ್ಟು ಸುಮ್ಮನೆ ಬಂತು. ಮುಖ್ಯೋಪಾಧ್ಯಾಯಿನಿಗೆ ಫೋನು ಮಾಡಿ ಈ ವಾರ ಖಂಡಿತ ಬರುತ್ತೇವೆ ಎಂದೆ. ಸಂತೋಷಪಡಬೇಕಾದ ಹೊತ್ತು. ಬರೀ ಪ್ಲೈವುಡ್ಡಿನ ಮೇಲೆ ಜನರನ್ನು ಕೂರಿಸುತ್ತಾರೇನು ಎಂಬ ಕಾಕಾನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು.

ಶಿಬಿರದ ಹಿಂದಿನ ಸಂಜೆ ಮನೆಗೆ ಬಂದಾಗ ಕಾಕಾ ಪಡಸಾಲೆಯಲ್ಲಿ ಒಬ್ಬರೇ ಕುಳಿತಿದ್ದರು. ಟಿವಿ ಸದ್ದಿಲ್ಲದೆ ಓಡುತ್ತಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುವವನಿದ್ದೆ. ಅವರು ಕರೆದರು.

"ತಮ್ಮಾ, ಒಂದ್ ಮಾತು ಕೇಳ್ತೀನಿ. ಕಲ್ಲು ಹಾಸೋ ದಿನಾನೇ ನಿನಗ ಗೊತ್ತಿತ್ತೇನು, ಭಾರ ಆಗ್ತದಂತ?"

ಸುಳ್ಳು ಹೇಳುವ ಅವಕಾಶ ಇನ್ನೂ ಇತ್ತು. ನಾನು ಹೌದೆಂದು ತಲೆಯಾಡಿಸಿದೆ.

"ಮತ್ತ ಯಾಕ್ ಹೇಳ್ಲಿಲ್ಲ?"

"ನಿಮಗ ಬ್ಯಾಸರ ಆಗ್ತದಂತ, ಕಾಕಾ."

ಅವರಿಗೆ ಕೇಳಿಸಿತು. ಬೇಡವೆಂಬಂತೆ ಕೈ ಆಡಿಸಿದರು.

"ಬ್ಯಾಸರ ಅಲ್ಲೋ. ನಾ ಅರವತ್ತು ವರ್ಷ ಕಲ್ಲು ನೋಡೀನಿ, ಒಡದದ್ದು ಎಷ್ಟೋ ನೋಡೀನಿ. ನನಗ ಹೇಳೋದು ತ್ರಾಸು. ಒದರಬೇಕು, ಎರಡ್ ಸಲ ಹೇಳಬೇಕು. ಅದಕ್ಕ ಬಿಡ್ತೀರಿ. ಈ ಮನ್ಯಾಗ ನನಗ ಯಾರೂ ಏನೂ ಹೇಳಂಗಿಲ್ಲ. ಊಟ ಅಂತಾರ, ಚಾ ಅಂತಾರ. ನಿಮ್ಮವ್ವ ಇದ್ದಾಗ ಆಕಿ ಹೇಳ್ತಿದ್ಲು. ಈಗ ಓಣ್ಯಾಗ ಯಾರರೆ ಸತ್ರ, ಹೆಣ ಹೊಂಟಾಗ ನನಗ ಗೊತ್ತಾಗ್ತದ."

ಪ್ರತಿದಿನ ನಾನು ಕೆಲಸದಲ್ಲಿ ರೋಗಿಗಳ ಕುಟುಂಬದವರನ್ನು ಮುಂದೆ ಕೂರಿಸಿಕೊಂಡು ಹೇಳುತ್ತೇನೆ. ಕೇಳಿಸುವುದಿಲ್ಲವೆಂದು ಮಾತು ಕಡಿಮೆ ಮಾಡಬೇಡಿ, ಸನ್ನೆಯಲ್ಲೇ ಮುಗಿಸಬೇಡಿ, ಎದುರಿಗೆ ಕುಳಿತು ಹೇಳಿ, ಹೇಳದಿದ್ದರೆ ಅವರು ಮನೆಯೊಳಗೇ ಪರಸ್ಥಳದವರಾಗುತ್ತಾರೆ. ಹೇಳಿ ಹೇಳಿ ಬಾಯಿಪಾಠವಾದ ಮಾತು. ಕಾಕಾನ ವಿಷಯದಲ್ಲಿ ನಾನು ಮಷೀನೊಂದನ್ನೇ ಹೇಳಿದೆ, ಬೇಡವೆಂದಾಗ ಕೈ ತೊಳೆದುಕೊಂಡೆ. ಅವರಿಗೆ ಬೇಸರವಾಗುತ್ತದೆಂದು ಸುಮ್ಮನಿದ್ದೆನೆಂಬುದು ನನ್ನನ್ನು ನಾನೇ ಒಪ್ಪಿಸಿಕೊಂಡ ಕಾರಣ. ಹೇಳುವುದು ತ್ರಾಸೆಂದು ಸುಮ್ಮನಿದ್ದೆ. ಅದೇ ನಿಜ, ಅದನ್ನು ಅವರೇ ಹೇಳಬೇಕಾಯಿತು.

ಟಿವಿ ಆರಿಸಿದೆ. ಕುರ್ಚಿಯನ್ನು ಅವರ ಬಲಗಡೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಎಳೆದುಕೊಂಡು ಕುಳಿತೆ. ಶುರುವಿನಿಂದ ಹೇಳಿದೆ. ಫಲಕದಲ್ಲಿ ಏನು ಬರೆದಿತ್ತು, ಪುಣೆಯ ಹೆಣ್ಣುಮಗಳು ಏನೇನು ಕಲಿಸಿದಳು, ಕಪನೂರಿನ ರಸ್ತೆಯಲ್ಲಿ ಗಾಡಿಯನ್ನು ಹಿಂದಕ್ಕೆ ಬಿಡಲು ಹೋಗಿ ಹೇಗೆ ಮಾನ ಕಳೆದುಕೊಂಡೆ. ಅವರಿಗೆ ತಿಳಿಯದ ಕಡೆ ಮಾತು ಬದಲಿಸಿ ಮತ್ತೆ ಹೇಳಿದೆ. ಅಡುಗೆಮನೆಯಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಕಮಲಾಪುರದ ಇಳಿಜಾರಿನ ವಿಷಯ ಅವಳಿಗೂ ಗೊತ್ತಿರಲಿಲ್ಲ. ಬಸ್ಸು ಎದುರಿಗೆ ಬಂದಿತ್ತು ಎಂದೆ. ಅದರೊಳಗೆ ಒಂದು ಮಗುವಿತ್ತು ಎಂದೆ.

ಕಾಕಾ ನನ್ನ ತುಟಿಯನ್ನೇ ನೋಡುತ್ತಿದ್ದರು. ಉಳಿ ಹಿಡಿದು ತರಚಿದ ಕೈಯನ್ನು ನನ್ನ ಮೊಣಕಾಲಿನ ಮೇಲಿಟ್ಟರು.

"ಬ್ರೇಕ್ ಒತ್ತಲಿಲ್ಲ?"

"ಒತ್ತಲಿಲ್ಲ, ಕಾಕಾ."

"ಹ್ಞಾಂ" ಎಂದರು. "ಮುಂದ ಹೇಳು."